ಪಟ್ಟಿಯ ಕೆಳಗಿನ ಅರ್ಧ

ನಮ್ಮ ಸಂಶೋಧನಾ ಗುಂಪಿಗೆ ಐವತ್ತು ವರ್ಷ ತುಂಬುತ್ತಿದೆ. ಅತಿ ಕಡಿಮೆ ತಾಪಮಾನದ ಭೌತವಿಜ್ಞಾನ ನಮ್ಮ ವಿಷಯ. ಹೀಲಿಯಂ ಅನಿಲವನ್ನು ದ್ರವ ಮಾಡಿ, ಅದರ ಚಳಿಯಲ್ಲಿ ಲೋಹಗಳನ್ನೂ ಹರಳುಗಳನ್ನೂ ಇಟ್ಟು, ಅಲ್ಲಿ ಅವು ಹೇಗೆ ನಡೆದುಕೊಳ್ಳುತ್ತವೆ ಅಂತ ಅಳೆಯುವುದು ನಮ್ಮ ಕೆಲಸ. ಸುವರ್ಣ ಮಹೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರೋಣ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಅದರಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಸಿದ್ಧಪಡಿಸುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡೆ.

ಆಫೀಸಿನವರು ಒಂದು ಎಕ್ಸೆಲ್ ಶೀಟ್ ಕಳಿಸಿಕೊಟ್ಟರು. ಹೆಸರು, ಸೇರಿದ ವರ್ಷ, ಥೀಸಿಸ್‌ನ ಶೀರ್ಷಿಕೆ, ಈಗಿನ ಹುದ್ದೆ. ಇಷ್ಟೇ ಕಾಲಂ. ಯಾರೋ ಅದನ್ನು ಹುದ್ದೆಯ ಪ್ರಕಾರ ಜೋಡಿಸಿದ್ದರು. ಎಲ್ಲಕ್ಕಿಂತ ಮೇಲೆ ಪ್ರೊಫೆಸರ್‌ಗಳು. ಅವರ ಕೆಳಗೆ ಸರ್ಕಾರಿ ಪ್ರಯೋಗಾಲಯಗಳ ವಿಜ್ಞಾನಿಗಳು. ಆಮೇಲೆ ಕಂಪನಿಗಳಲ್ಲಿ ಇರುವವರು. ಅಲ್ಲಿಂದ ಕೆಳಗೆ ಖಾಲಿ. ಹೆಸರು ಇದೆ, ವರ್ಷ ಇದೆ, ಥೀಸಿಸ್ ಇದೆ, ಹುದ್ದೆಯ ಜಾಗದಲ್ಲಿ ಏನೂ ಇಲ್ಲ. ಪಟ್ಟಿಯ ಕೆಳಗಿನ ಅರ್ಧ ಹೆಚ್ಚುಕಮ್ಮಿ ಹೀಗೇ ಇತ್ತು. ನನ್ನ ಹೆಸರೂ ಅಲ್ಲೇ ಇತ್ತು.

ಆಫೀಸಿನವರ ಮೇಲೆ ನನಗೆ ಬೇಸರ ಇಲ್ಲ. ಅವರಿಗೆ ಗೊತ್ತಿದ್ದನ್ನು ಅವರು ತುಂಬಿದ್ದರು. ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು ಸಮ್ಮೇಳನಗಳಲ್ಲಿ ಸಿಗುತ್ತಾರೆ, ಪೇಪರ್ ಬರೆಯುತ್ತಾರೆ, ಕಣ್ಣಿಗೆ ಬೀಳುತ್ತಾರೆ. ಭೌತವಿಜ್ಞಾನ ಬಿಟ್ಟು ಹೋದವರು ಕಣ್ಣಿಗೆ ಬೀಳುವುದಿಲ್ಲ. ಆದರೆ ನಾನು ಒಬ್ಬೊಬ್ಬರಿಗೇ ಫೋನ್ ಮಾಡಲು ಶುರು ಮಾಡಿದ ಮೇಲೆ ಇನ್ನೊಂದು ವಿಷಯ ಅರ್ಥ ಆಯಿತು. ಅವರಲ್ಲಿ ಎಷ್ಟೋ ಜನ ಬೇಕಂತಲೇ ಸುಮ್ಮನಿದ್ದರು. ಗುಂಪಿನಿಂದ ಹೋದ ಇಮೇಲ್ ಅವರಿಗೆ ತಲುಪಿತ್ತು. ಉತ್ತರ ಬರೆಯಲು ಕೈ ಬಂದಿರಲಿಲ್ಲ, ಅಷ್ಟೇ. "ನಾನೀಗ ಬ್ಯಾಂಕಿನಲ್ಲಿ ಇದೀನಿ, ಅದನ್ನೆಲ್ಲ ಸಂಚಿಕೆಯಲ್ಲಿ ಹಾಕ್ತಾರಾ?" ಅಂತ ಒಬ್ಬರು ಕೇಳಿದರು. ಕೇಳಿದ ರೀತಿಯಲ್ಲಿ ಸಂಕೋಚ ಇತ್ತು. ದೊಡ್ಡ ಸಾಲದ ಲೆಕ್ಕಗಳಲ್ಲಿ ಅಪಾಯ ಎಷ್ಟಿದೆ ಅಂತ ಅಳೆಯುವ ತಂಡವನ್ನು ನಡೆಸುವ ಮನುಷ್ಯ. ಹಳೇ ಗುಂಪಿನ ಮುಂದೆ ತನ್ನ ಕೆಲಸದ ಹೆಸರು ಹೇಳುವಾಗ ದನಿ ಸಣ್ಣದಾಯಿತು.

ಆ ಸಂಕೋಚ ನನಗೆ ಗೊತ್ತು. ಅದಕ್ಕೇ ಈ ಬರಹ.

ಇಂಥ ಸ್ಮರಣ ಸಂಚಿಕೆಗಳು ಹೊಸದಲ್ಲ. ನಮ್ಮ ಕ್ಷೇತ್ರದ ತಾಯಿಮನೆ ಅಂದರೆ ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯ. ಹೈಕೆ ಕಾಮರ್ಲಿಂಗ್ ಓನ್ನೆಸ್ ಅಲ್ಲಿ 1882ರಲ್ಲಿ ಪ್ರಾಧ್ಯಾಪಕರಾದರು. 1908ರ ಜುಲೈ 10ರಂದು ಜಗತ್ತಿನಲ್ಲೇ ಮೊದಲ ಬಾರಿಗೆ ಹೀಲಿಯಂ ಅನ್ನು ದ್ರವ ಮಾಡಿದರು. 1911ರಲ್ಲಿ ಅದೇ ಲ್ಯಾಬಿನಲ್ಲಿ ಪಾದರಸದ ವಿದ್ಯುತ್ ರೋಧ ಸುಮಾರು 4.2 ಕೆಲ್ವಿನ್ (ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ) ಹತ್ತಿರ ಇದ್ದಕ್ಕಿದ್ದಂತೆ ಮಾಯವಾಯಿತು. ಸೂಪರ್ ಕಂಡಕ್ಟಿವಿಟಿ ಸಿಕ್ಕಿದ್ದು ಹಾಗೆ. 1913ರಲ್ಲಿ ಓನ್ನೆಸ್‌ಗೆ ನೊಬೆಲ್ ಬಂತು. 1922ರಲ್ಲಿ ಅವರು ಪ್ರಾಧ್ಯಾಪಕರಾಗಿ 40 ವರ್ಷ ತುಂಬಿದಾಗ ಲ್ಯಾಬಿನ ಕೆಲಸದ ಬಗ್ಗೆ ದಪ್ಪನೆಯ ಸ್ಮರಣ ಗ್ರಂಥವನ್ನೇ ತಂದರು.

ಈಗ ಆ 1911ರ ಅಳತೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೋಧವನ್ನು ಅಳೆದವರು ಗಿಲ್ಲೆಸ್ ಹೋಲ್ಸ್ಟ್ ಎಂಬ ಯುವಕ. ಹೀಲಿಯಂ ಯಂತ್ರವನ್ನು ನಡೆಸಿದವರು ಗೆರಿಟ್ ಫ್ಲಿಮ್, ಲ್ಯಾಬಿನ ಮುಖ್ಯ ತಂತ್ರಜ್ಞ. ಪೇಪರ್ ಬಂದಿದ್ದು ಓನ್ನೆಸ್ ಒಬ್ಬರ ಹೆಸರಿನಲ್ಲಿ. ಆ ಕಾಲದ ಪದ್ಧತಿ ಹಾಗಿತ್ತು. ಹೋಲ್ಸ್ಟ್ 1914ರಲ್ಲಿ ಲೈಡನ್ ಬಿಟ್ಟರು. ಬೇರೆ ವಿಶ್ವವಿದ್ಯಾಲಯಕ್ಕೂ ಹೋಗಲಿಲ್ಲ. ಬಲ್ಬ್ ತಯಾರಿಸುತ್ತಿದ್ದ ಫಿಲಿಪ್ಸ್ ಕಂಪನಿಗೆ ಸೇರಿದರು. ಅಲ್ಲಿ ಶುರುವಾದ ಸಂಶೋಧನಾ ಪ್ರಯೋಗಾಲಯಕ್ಕೆ ಅವರೇ ಮೊದಲ ಮುಖ್ಯಸ್ಥ. 1946ರವರೆಗೂ ಅದನ್ನು ಕಟ್ಟಿ ಬೆಳೆಸಿದರು. ಆಮೇಲೆ ಅದು ಕೈಗಾರಿಕಾ ಸಂಶೋಧನೆಯಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದಾಯಿತು.

ಶತಮಾನದ ದೊಡ್ಡ ಶೋಧಗಳಲ್ಲಿ ಒಂದರ ಅಳತೆ ಮಾಡಿದ ಕೈ ಮೂರೇ ವರ್ಷದಲ್ಲಿ ಬಲ್ಬ್ ಕಂಪನಿ ಸೇರಿತು. ನಮ್ಮ ಎಕ್ಸೆಲ್ ಶೀಟಿನ ಲೆಕ್ಕದಲ್ಲಿ ಅವರು ಮೂರನೇ ಗುಂಪು, "ಕಂಪನಿಗಳಲ್ಲಿ ಇರುವವರು". ಫ್ಲಿಮ್ ಅವರಂತೂ ವಿದ್ಯಾರ್ಥಿಯೇ ಅಲ್ಲವಲ್ಲ, ಅವರ ಹೆಸರು ಶೀಟಿನಲ್ಲೇ ಇರುತ್ತಿರಲಿಲ್ಲ.

ಓನ್ನೆಸ್ ಮಾಡಿದ ಇನ್ನೊಂದು ಕೆಲಸ ನನಗೆ ಹೀಲಿಯಂಗಿಂತ ಕಡಿಮೆ ಅನಿಸುವುದಿಲ್ಲ. ಯಂತ್ರ, ಗಾಜಿನ ಉಪಕರಣ ಮಾಡುವವರಿಗಾಗಿ ಅವರು ತಮ್ಮ ಲ್ಯಾಬಿನ ಜೊತೆಗೇ ಒಂದು ತರಬೇತಿ ಶಾಲೆ ಬೆಳೆಸಿದರು. 1901ರಲ್ಲಿ ಅದಕ್ಕಾಗಿ ಒಂದು ಸಂಘವನ್ನೂ ಕಟ್ಟಿದರು. ಅಲ್ಲಿ ಕಲಿಯುತ್ತಿದ್ದ ಹುಡುಗರನ್ನು ಅವರ ಬಟ್ಟೆಯ ಬಣ್ಣದ ಮೇಲೆ "ನೀಲಿ ಹುಡುಗರು" ಅಂತ ಕರೆಯುತ್ತಿದ್ದರು. ಗಾಜು ಊದುವುದು, ಲೋಹ ಕಡೆಯುವುದು ಕಲಿತ ಹುಡುಗರು ಬೇರೆ ಬೇರೆ ಲ್ಯಾಬ್‌ಗಳಿಗೂ ಕಾರ್ಖಾನೆಗಳಿಗೂ ಹೋದರು. ಆ ಶಾಲೆ ಇವತ್ತಿಗೂ ಇದೆ. ಒಂದು ಸಂಶೋಧನಾ ಗುಂಪು ಜಗತ್ತಿಗೆ ಏನು ಕೊಟ್ಟಿತು ಅಂತ ಕೇಳಿದರೆ ಆ ಹುಡುಗರನ್ನು ಲೆಕ್ಕದಿಂದ ಬಿಡುವುದು ಹೇಗೆ?

ಇಲ್ಲಿ ಒಂದು ಸರಳ ಲೆಕ್ಕ ಹೇಳಬೇಕು. ಇದನ್ನು ನಮಗೆ ಯಾರೂ ಸೇರುವಾಗ ಹೇಳಿರಲಿಲ್ಲ. ಒಬ್ಬ ಪ್ರೊಫೆಸರ್ 30 ವರ್ಷ ಕೆಲಸ ಮಾಡಿ, ಎರಡು ವರ್ಷಕ್ಕೆ ಮೂವರಂತೆ ಪಿಎಚ್‌ಡಿ ಕೊಡಿಸಿದರು ಅಂತಿಟ್ಟುಕೊಳ್ಳಿ. ಒಟ್ಟು 45 ಜನ ಆದರು. ಅವರು ನಿವೃತ್ತರಾದಾಗ ಖಾಲಿಯಾಗುವುದು ಒಂದು ಕುರ್ಚಿ. ವಿಶ್ವವಿದ್ಯಾಲಯಗಳು ಅಲ್ಲಲ್ಲಿ ಹೊಸದಾಗಿ ಹುಟ್ಟುತ್ತವೆ, ಪಾಠಕ್ಕಷ್ಟೇ ಮೀಸಲಾದ ಕಾಲೇಜುಗಳು ಒಂದಷ್ಟು ಜನರನ್ನು ತೆಗೆದುಕೊಳ್ಳುತ್ತವೆ, ಒಪ್ಪಿದೆ. ಆದರೂ ಆ 45ರಲ್ಲಿ ಬಹುಪಾಲು ಜನ ಪ್ರೊಫೆಸರ್ ಆಗುವುದಿಲ್ಲ. ಇದಕ್ಕೂ ಅವರ ಬುದ್ಧಿಗೂ ಸಂಬಂಧ ಇಲ್ಲ. ಕುರ್ಚಿಗಳ ಲೆಕ್ಕವೇ ಹಾಗಿದೆ. ಹೊರಗೆ ಹೋಗುವುದೇ ಮುಖ್ಯ ದಾರಿ, ಉಳಿದುಕೊಳ್ಳುವುದು ಪಕ್ಕದ ಕಿರುದಾರಿ. ಆದರೆ ಗುಂಪುಗಳು ಮಾತಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಉಳಿದವರು "ಸೆಟಲ್ ಆದರು", ಹೋದವರು "ಫೀಲ್ಡ್ ಬಿಟ್ಟರು".

ನಮ್ಮ ಗುಂಪಿನಲ್ಲಿ ಕಲಿತು ಈಗ ಪ್ರೊಫೆಸರ್ ಆಗಿರುವ ಒಬ್ಬರು ಫೋನಿನಲ್ಲಿ ಹೇಳಿದರು: "ನಾನು ಮೊದಲ ದಿನವೇ ನನ್ನ ಹುಡುಗರಿಗೆ ಈ ಲೆಕ್ಕ ಬೋರ್ಡ್ ಮೇಲೆ ಬರೆದು ತೋರಿಸ್ತೀನಿ. ಕೆಲವರ ಮುಖ ಸಪ್ಪಗಾಗುತ್ತೆ. ಆದರೆ ಐದು ವರ್ಷ ಆದ ಮೇಲೆ ಗೊತ್ತಾಗೋದಕ್ಕಿಂತ ಇದೇ ವಾಸಿ ಅಲ್ವಾ?" ವಾಸಿಯೇ. ಎಲ್ಲ ಗೈಡ್‌ಗಳೂ ಹೀಗೆ ಮಾಡಿದರೆ ಎಷ್ಟೋ ಜನರ ನಿದ್ದೆ ಉಳಿಯುತ್ತದೆ ಅಂತ ನಾನು ನಂಬಿದ್ದೇನೆ.

ಹೊರಗೆ ಹೋದವರ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಅರ್ನ್ಸ್ಟ್ ಈಸಿಂಗ್. ಭೌತವಿಜ್ಞಾನ ಓದಿದವರಿಗೆಲ್ಲ ಈ ಹೆಸರು ಗೊತ್ತು. ಈಸಿಂಗ್ ಮಾಡೆಲ್ ಗೊತ್ತಿಲ್ಲದೆ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪಾಸಾಗಲು ಆಗುವುದಿಲ್ಲ. ಆದರೆ ಆ ಮನುಷ್ಯನ ಬದುಕು ಎಷ್ಟು ಜನರಿಗೆ ಗೊತ್ತು?

1920ರ ದಶಕದ ಹ್ಯಾಂಬರ್ಗ್. ಗೈಡ್ ವಿಲ್ಹೆಲ್ಮ್ ಲೆನ್ಜ್ ಒಂದು ಪ್ರಶ್ನೆ ಕೊಟ್ಟರು. ಕಬ್ಬಿಣದಂಥ ವಸ್ತುವಿನಲ್ಲಿ ಪುಟ್ಟ ಪುಟ್ಟ ಆಯಸ್ಕಾಂತಗಳಿವೆ ಅಂದುಕೊಳ್ಳಿ. ಒಂದೊಂದೂ ಮೇಲಕ್ಕೆ ಅಥವಾ ಕೆಳಕ್ಕೆ ಮಾತ್ರ ಮುಖ ಮಾಡಬಲ್ಲದು. ಪ್ರತಿಯೊಂದಕ್ಕೂ ಪಕ್ಕದವರ ಮಾತು ಮಾತ್ರ ಕೇಳಿಸುತ್ತದೆ. ಇಷ್ಟರಿಂದಲೇ ಇಡೀ ತುಂಡು ಒಂದೇ ಕಡೆ ಮುಖ ಮಾಡಿ ಆಯಸ್ಕಾಂತವಾಗುವುದು ಸಾಧ್ಯವೇ? ಈಸಿಂಗ್ 1924ರ ಥೀಸಿಸ್‌ನಲ್ಲಿ ಆಯಸ್ಕಾಂತಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ ಲೆಕ್ಕ ಮಾಡಿದರು. ಸಾಧ್ಯವಿಲ್ಲ ಅನ್ನುವ ಉತ್ತರ ಬಂತು. ಎರಡು, ಮೂರು ಆಯಾಮದಲ್ಲೂ ಹೀಗೇ ಇರಬೇಕು ಅಂತ ಅವರಿಗೆ ಅನಿಸಿತು. 1925ರಲ್ಲಿ ಪೇಪರ್ ಬಂತು. ಅಲ್ಲಿಗೆ ಅವರು ಸಂಶೋಧನೆ ಬಿಟ್ಟರು. ಸ್ವಲ್ಪ ಕಾಲ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದರು. ಪಾಠ ಮಾಡುವುದರಲ್ಲಿ ಅವರಿಗೆ ಮನಸ್ಸಿತ್ತು, ಶಾಲಾ ಶಿಕ್ಷಕರಾದರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ, ಯೆಹೂದಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆದರು. ಪಾಟ್ಸ್‌ಡ್ಯಾಮ್ ಹತ್ತಿರದ ಕಾಪುಟ್‌ನಲ್ಲಿ ಯೆಹೂದಿ ಮಕ್ಕಳಿಗೆ ಒಂದು ವಸತಿ ಶಾಲೆ ಇತ್ತು. ಬೇರೆ ಶಾಲೆಗಳಿಂದ ಹೊರದಬ್ಬಿಸಿಕೊಂಡ ಮಕ್ಕಳಿಗೆ ಅವರು ಅಲ್ಲಿ ಪಾಠ ಮಾಡಿದರು, ಆಮೇಲೆ ಮುಖ್ಯೋಪಾಧ್ಯಾಯರೂ ಆದರು. 1938ರ ನವೆಂಬರಿನಲ್ಲಿ ಆ ಶಾಲೆಯನ್ನು ಧ್ವಂಸ ಮಾಡಿದರು. 1939ರಲ್ಲಿ ಕುಟುಂಬ ಸಮೇತ ಲಕ್ಸೆಂಬರ್ಗ್‌ಗೆ ಹೋದರು. ಜರ್ಮನ್ ಸೈನ್ಯ ಅಲ್ಲಿಗೂ ಬಂತು. ಕುರಿ ಕಾದರು. ರೈಲು ಹಳಿ ಕೀಳುವ ಬಲವಂತದ ದುಡಿಮೆ ಮಾಡಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ ಅಮೆರಿಕಕ್ಕೆ ಹೋಗಿ, ಇಲಿನಾಯ್‌ನ ಬ್ರಾಡ್ಲಿ ವಿಶ್ವವಿದ್ಯಾಲಯದಲ್ಲಿ 1976ರವರೆಗೆ ಪಾಠ ಮಾಡಿದರು. 1998ರಲ್ಲಿ ತೀರಿಕೊಂಡರು.

ಈ ನಡುವೆ ಅವರ ಮಾಡೆಲ್ ಅವರಿಲ್ಲದೆಯೇ ಬೆಳೆಯುತ್ತಿತ್ತು. ಎರಡು ಆಯಾಮದಲ್ಲಿ ಆಯಸ್ಕಾಂತ ಆಗುತ್ತದೆ ಅಂತ 1936ರಲ್ಲಿ ರುಡಾಲ್ಫ್ ಪೈಯರ್ಲ್ಸ್ ವಾದಿಸಿದರು. 1944ರಲ್ಲಿ ಲಾರ್ಸ್ ಓನ್ಸಾಗರ್ ಅದನ್ನು ಪೂರ್ತಿಯಾಗಿ ಲೆಕ್ಕ ಹಾಕಿ ತೋರಿಸಿದರು. ತಮ್ಮ ಹೆಸರು ಇಷ್ಟು ಪ್ರಸಿದ್ಧವಾಗಿದೆ ಅನ್ನುವುದು ಈಸಿಂಗ್‌ಗೆ ತಿಳಿದದ್ದೇ 1949ರ ಹೊತ್ತಿಗೆ. ಅದೇ ಯೋಚನೆಯ ಎಳೆಯನ್ನು ಹಿಡಿದು ಜಾನ್ ಹಾಪ್‌ಫೀಲ್ಡ್ 1982ರಲ್ಲಿ ನೆನಪು ಇಟ್ಟುಕೊಳ್ಳುವ ನ್ಯೂರಲ್ ನೆಟ್‌ವರ್ಕ್ ಕಟ್ಟಿದರು. ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಈಸಿಂಗ್ ಕಥೆಯನ್ನು "ನೋಡಿ, ಕೊನೆಗೂ ಹೆಸರು ಬಂತು" ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಅವರ ಮಾಡೆಲ್ ಯಾರಿಗೂ ಬೇಡದೆ ಮೂಲೆಗೆ ಬಿದ್ದಿದ್ದರೂ, ಕಾಪುಟ್‌ನ ಆ ಮಕ್ಕಳಿಗೆ ಅಂಥ ಕಾಲದಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕಿದ್ದರು. ಹ್ಯಾಂಬರ್ಗ್‌ನ ಆ ಗುಂಪಿನ ಲೆಕ್ಕಕ್ಕೆ ಅದೂ ಸೇರಬೇಕು. ಮಾಡೆಲ್ ಎಷ್ಟೋ, ಮೇಷ್ಟ್ರಿಕೆಯೂ ಅಷ್ಟೇ.

ಹಾಗಾದರೆ ಲ್ಯಾಬಿನಿಂದ ಹೊರಗೆ ಹೋಗುವಾಗ ನಾವು ಏನು ತೆಗೆದುಕೊಂಡು ಹೋಗುತ್ತೇವೆ? ಕಂಪನಿಯವರು ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುತ್ತಾರೆ. ನಾವೂ "ಪ್ರಾಬ್ಲಂ ಸಾಲ್ವಿಂಗ್" ಅಂತ ಏನೋ ಹೇಳಿಬಿಡುತ್ತೇವೆ. ಆ ಮಾತಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ನಿಜವಾದ ಉದಾಹರಣೆ ಹೇಳುತ್ತೇನೆ.

ದ್ರವ ಹೀಲಿಯಂ ತುಂಬುವ ಪಾತ್ರೆಗೆ ಕ್ರಯೋಸ್ಟ್ಯಾಟ್ ಅಂತಾರೆ. ಅದರ ಸುತ್ತ ನಿರ್ವಾತ ಇರಬೇಕು, ಇಲ್ಲವಾದರೆ ಹೊರಗಿನ ಬಿಸಿ ಒಳಗೆ ನುಗ್ಗುತ್ತದೆ. ದ್ರವ ಹೀಲಿಯಂ ತುಂಬಾ ಸೂಕ್ಷ್ಮ. ಒಂದೇ ಒಂದು ವಾಟ್ ಬಿಸಿ ಒಳಗೆ ಬಂದರೂ ಗಂಟೆಗೆ ಸುಮಾರು 1.4 ಲೀಟರ್ ಆವಿಯಾಗಿ ಹೋಗುತ್ತದೆ. ಆದ್ದರಿಂದ ಎಲ್ಲೂ ಲೀಕ್ ಇರಬಾರದು. ಕೋಣೆಯ ತಾಪಮಾನದಲ್ಲಿ ಬಳಸುವ ರಬ್ಬರ್ ಸೀಲ್ ಈ ಚಳಿಗೆ ಕಲ್ಲಿನಂತೆ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಇಂಡಿಯಂ ತಂತಿ ಹಾಕುತ್ತೇವೆ. ಉಗುರಿನಿಂದ ಗೀರಬಹುದಾದಷ್ಟು ಮೆತ್ತನೆಯ ಲೋಹ. ತಂತಿಯನ್ನು ಅಂಚಿನ ಸುತ್ತ ಇಟ್ಟು, ಎರಡು ತುದಿಗಳನ್ನು ಒಂದರ ಮೇಲೊಂದು ಬರುವಂತೆ ದಾಟಿಸಿ, ಮೇಲೆ ಮುಚ್ಚಳ ಕೂರಿಸಿ ಬೋಲ್ಟ್ ಬಿಗಿಯಬೇಕು. ಒಂದೇ ಸಲಕ್ಕೆ ಬಿಗಿದರೆ ಕೆಟ್ಟಿತು. ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಸುತ್ತು ಬರಬೇಕು. ಆಮೇಲೆ ಕಾಯಬೇಕು. ಇಂಡಿಯಂ ನಿಧಾನವಾಗಿ ಹರಡಿ ಕೂರುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಮತ್ತೆ ಬಿಗಿಯಬೇಕು.

ಇಷ್ಟಾದರೂ ಲೀಕ್ ಇರುತ್ತದೆ. ಆಗ ಲೀಕ್ ಡಿಟೆಕ್ಟರ್ ತರುತ್ತೇವೆ. ಒಳಗಿನ ಗಾಳಿಯನ್ನು ಎಳೆಯುತ್ತಾ, ಅದರಲ್ಲಿ ಹೀಲಿಯಂ ಪರಮಾಣು ಸಿಕ್ಕರೆ ಮಾತ್ರ ತೋರಿಸುವ ಯಂತ್ರ ಅದು. ಹೊರಗಿನಿಂದ ಸಣ್ಣ ನಳಿಕೆಯಲ್ಲಿ ಹೀಲಿಯಂ ಅನಿಲವನ್ನು ಒಂದೊಂದೇ ಬೆಸುಗೆಯ ಮೇಲೆ ಬಿಡಬೇಕು. ಮೇಲಿನಿಂದ ಶುರು ಮಾಡಿ ಕೆಳಗೆ ಬರಬೇಕು. ಹೀಲಿಯಂ ಗಾಳಿಗಿಂತ ಹಗುರ, ಮೇಲಕ್ಕೇ ಏರುತ್ತದೆ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ತೂತಿನಿಂದ ಒಳಗೆ ಹೋಗಿ, ಕೆಳಗೆ ಲೀಕ್ ಇದೆ ಅಂತ ನಂಬಿಸುತ್ತದೆ. ಒಂದು ಜಾಗದಲ್ಲಿ ಬಿಡಬೇಕು, ಕಾಯಬೇಕು, ಬರೆದುಕೊಳ್ಳಬೇಕು. ಮುಂದಿನ ಜಾಗ. ಇನ್ನು ಕೆಲವು ಲೀಕ್‌ಗಳಂತೂ ಬಿಸಿಯಲ್ಲಿ ಕಾಣಿಸುವುದೇ ಇಲ್ಲ. ಹೀಲಿಯಂ 2.17 ಕೆಲ್ವಿನ್ ಕೆಳಗೆ ಇಳಿದು ಸೂಪರ್‌ಫ್ಲೂಯಿಡ್ ಆದ ಮೇಲೆ, ಬೇರೆ ಯಾವುದೂ ತೂರಲಾಗದ ಸಂದಿಯಲ್ಲಿ ಸಲೀಸಾಗಿ ಹರಿಯುತ್ತದೆ. ಆಗ ಇಡೀ ಪಾತ್ರೆಯನ್ನು ನಿಧಾನಕ್ಕೆ ಬಿಸಿಗೆ ತಂದು, ಬಿಚ್ಚಿ, ಮತ್ತೆ ಮೊದಲಿನಿಂದ.

ಈ ಕೆಲಸ ಕಲಿಸುವುದು ಎರಡೇ ವಿಷಯ. ಒಂದು ಸಲಕ್ಕೆ ಒಂದನ್ನೇ ಬದಲಿಸು. ಯಂತ್ರ ಕೊಟ್ಟ ಉತ್ತರ ಎಲ್ಲಿಂದ ಬಂತು ಅಂತ ಕೇಳದೆ ನಂಬಬೇಡ.

ನಾನೀಗ ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅದರೊಳಗಿನ ಆಯಸ್ಕಾಂತ ನಯೋಬಿಯಂ-ಟೈಟೇನಿಯಂ ತಂತಿಯ ಸುರುಳಿ, ಚಳಿಯಲ್ಲಿ ರೋಧವೇ ಇಲ್ಲದ ಸೂಪರ್ ಕಂಡಕ್ಟರ್. ಅದನ್ನು ತಂಪಾಗಿಡಲು ಅದೇ 4.2 ಕೆಲ್ವಿನ್‌ನ ದ್ರವ ಹೀಲಿಯಂ ಬೇಕು. ಲೈಡನ್‌ನಲ್ಲಿ 1911ರಲ್ಲಿ ಕಂಡದ್ದರ ಮೇಲೆ, ಒಬ್ಬ ರೋಗಿಯ ಮೊಣಕಾಲಿನ ಚಿತ್ರ ನಿಂತಿದೆ. ಚಿತ್ರದ ನಡುವೆ ಕೆಲವೊಮ್ಮೆ ಚುಕ್ಕಿ ಚುಕ್ಕಿಯ ಒಂದು ಗೆರೆ ಬರುತ್ತದೆ. ಹೊರಗಿನ ರೇಡಿಯೋ ಅಲೆ ಕೋಣೆಯೊಳಗೆ ನುಸುಳಿದರೆ ಹೀಗಾಗುತ್ತದೆ. ಕೋಣೆಯ ಬಾಗಿಲಿನ ಅಂಚಿನಲ್ಲಿ ಸಾಲಾಗಿ ತಾಮ್ರದ ತೆಳು ಪಟ್ಟಿಗಳಿರುತ್ತವೆ. ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿಗೆ ಒತ್ತಿಕೊಂಡು ರೇಡಿಯೋ ಅಲೆಗಳನ್ನು ತಡೆಯುತ್ತವೆ. ಒಂದು ಪಟ್ಟಿ ಬಾಗಿದರೂ ಸಾಕು. ಅಥವಾ ಒಳಗಿನ ಒಂದು ದೀಪ ಕೆಟ್ಟಿರಬಹುದು. ಅಥವಾ ಯಾರೋ ತಂದಿಟ್ಟ ಉಪಕರಣ. ದುಬಾರಿ ಭಾಗಗಳನ್ನು ಒಂದೇ ಸಲ ಬದಲಿಸಿ ನೋಡುವವರನ್ನು ನಾನು ಕಂಡಿದ್ದೇನೆ. ಗೆರೆ ಹೋಗುತ್ತದೆ, ಯಾಕೆ ಹೋಯಿತು ಅಂತ ಗೊತ್ತಾಗುವುದಿಲ್ಲ, ಮತ್ತೆ ಬರುತ್ತದೆ. ದೀಪ ಆರಿಸಿ ನೋಡು, ಬರೆದುಕೋ. ಬಾಗಿಲು ನೋಡು, ಬರೆದುಕೋ. ಇದನ್ನು ನನಗೆ ಯಾವ ಕಂಪನಿಯ ತರಬೇತಿಯೂ ಹೇಳಿಕೊಡಬೇಕಾಗಲಿಲ್ಲ.

ಫೋನ್ ಮಾಡಿದವರೆಲ್ಲರ ಕಥೆಯಲ್ಲೂ ಹೀಗೇ ಏನೋ ಒಂದು ಸಿಕ್ಕಿತು. ಬ್ಯಾಂಕಿನವರು ಹೇಳಿದ್ದು: "ಮಾಡೆಲ್ ಚೆನ್ನಾಗಿ ಹೊಂದಿಕೊಂಡ್ರೆ ಎಲ್ರೂ ಖುಷಿ ಪಡ್ತಾರೆ. ನಾನು ಆಗಲೇ ಜಾಸ್ತಿ ಅನುಮಾನ ಪಡೋದು." ಹವಾಮಾನ ಮುನ್ಸೂಚನೆಯ ತಂಡದಲ್ಲಿರುವ ಒಬ್ಬರು ಸೆನ್ಸರ್‌ಗಳ ಅಳತೆ ಸರಿ ಇದೆಯೇ ಅಂತ ನೋಡುವುದರಲ್ಲೇ ದಿನ ಕಳೆಯುತ್ತಾರೆ. ಚಿಪ್ ಕಾರ್ಖಾನೆಯಲ್ಲಿ ನಿರ್ವಾತದ ಯಂತ್ರ ನಡೆಸುವವರು ಇದ್ದಾರೆ. ಪೇಟೆಂಟ್ ಪರೀಕ್ಷಕರಿದ್ದಾರೆ. ಹೈಸ್ಕೂಲ್ ಮೇಷ್ಟ್ರುಗಳು ಇದ್ದಾರೆ, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನ.

ಹವಾಮಾನ ಅಂದಾಗ ಅನ್ನಾ ಮಣಿ ಅವರನ್ನು ನೆನೆಯದೆ ಇರಲಾಗುವುದಿಲ್ಲ. 1940ರಲ್ಲಿ ಸಿ.ವಿ. ರಾಮನ್ ಅವರ ಲ್ಯಾಬಿಗೆ ಸೇರಿ, ವಜ್ರ ಮತ್ತು ಮಾಣಿಕ್ಯದಿಂದ ಬರುವ ಬೆಳಕಿನ ಮೇಲೆ ಕೆಲಸ ಮಾಡಿದರು. 1942ರಿಂದ 1945ರ ನಡುವೆ ಐದು ಪೇಪರ್ ಬರೆದರು. ಥೀಸಿಸ್ ಕೂಡ ಬರೆದು ಕೊಟ್ಟರು. ಆದರೆ ಎಂಎಸ್ಸಿ ಪದವಿ ಇಲ್ಲ ಅನ್ನುವ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅವರು ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ಬಗ್ಗೆ ಕಲಿತರು. 1948ರಲ್ಲಿ ಭಾರತೀಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಸುಮಾರು ನೂರು ಬಗೆಯ ಉಪಕರಣಗಳಿಗೆ ನಕ್ಷೆ ತಯಾರಿಸಿ, ಇಲ್ಲೇ ಮಾಡುವಂತೆ ಮಾಡಿದರು. ಓಝೋನ್ ಅಳೆಯುವ ಉಪಕರಣ ಮಾಡಿದರು. ಬಿಸಿಲು ಮತ್ತು ಗಾಳಿಯ ಶಕ್ತಿ ಎಲ್ಲಿ ಎಷ್ಟಿದೆ ಅಂತ ದೇಶದುದ್ದಕ್ಕೂ ಅಳೆಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಥೀಸಿಸ್ ಒಪ್ಪಿತವಾದವರ ಹೆಸರು ಮಾತ್ರ ಹಾಕುತ್ತೇವೆ ಅಂದರೆ, ಅನ್ನಾ ಮಣಿ ಅವರ ಹೆಸರು ಅವರ ಗುಂಪಿನ ಪಟ್ಟಿಯಲ್ಲಿ ಬರುವುದಿಲ್ಲ.

ನಮ್ಮ ಪಟ್ಟಿಯಲ್ಲೂ ಅದೇ ತೊಂದರೆ ಇತ್ತು. ನನಗಿಂತ ಮುಂಚೆ ಇದ್ದ ಒಬ್ಬ ಸೀನಿಯರ್ ನಾಲ್ಕು ವರ್ಷ ಲ್ಯಾಬಿನಲ್ಲಿದ್ದು, ಮನೆಯ ಪರಿಸ್ಥಿತಿಯಿಂದ ಥೀಸಿಸ್ ಮುಗಿಸದೆ ಹೋದರು. ಶೀಟಿನಲ್ಲಿ ಅವರ ಹೆಸರೇ ಇರಲಿಲ್ಲ. ಆದರೆ ನಾವು ಅಳತೆಗೆ ಬಳಸುತ್ತಿದ್ದ ಪ್ರೋಗ್ರಾಂ ಬರೆದದ್ದು ಅವರು. ಥರ್ಮಾಮೀಟರ್ ಓದಿ, ತಾಪಮಾನ ನಿಂತಿದೆಯೇ ಅಂತ ನೋಡಿ, ನಿಂತ ಮೇಲೆಯೇ ರೋಧ ಅಳೆಯುವ ಪ್ರೋಗ್ರಾಂ. ಅವರು ಹೋದ ಮೇಲೂ ಎಷ್ಟೋ ಥೀಸಿಸ್‌ಗಳ ಅಂಕಿಅಂಶಗಳೆಲ್ಲ ಅದರಿಂದಲೇ ಬಂದವು. ಫೋನ್ ಮಾಡಿದಾಗ, "ನನ್ನ ಹೆಸರು ಯಾಕೋ ಮಾರಾಯಾ, ನಾನು ಮುಗಿಸಲೇ ಇಲ್ವಲ್ಲ" ಅಂದರು. "ನಿಮ್ಮ ಪ್ರೋಗ್ರಾಂ ಇಲ್ದಿದ್ರೆ ನಾವು ಯಾರೂ ಮುಗಿಸ್ತಿರಲಿಲ್ಲ" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಪ್ರೋಗ್ರಾಂನಲ್ಲಿ ಕಾಯುವ ಸಮಯವನ್ನು ಹೇಗೆ ನಿರ್ಧರಿಸಿದೆ ಅಂತ ಅರ್ಧ ಗಂಟೆ ವಿವರಿಸಿದರು. ಒಂದೂ ಮರೆತಿರಲಿಲ್ಲ.

ಇನ್ನೊಬ್ಬರು ಹೀಲಿಯಂ ಪ್ಲಾಂಟ್ ನಡೆಸುತ್ತಿದ್ದವರು. ಈಗ ನಿವೃತ್ತರು. ಕಂಪ್ರೆಸರ್ ಸದ್ದು ಕೇಳಿಯೇ ವಾಲ್ವ್ ಹೋಗುವುದರಲ್ಲಿದೆ ಅಂತ ಹೇಳುತ್ತಿದ್ದರು. ನಮ್ಮ ಪೇಪರ್‌ಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಒಮ್ಮೊಮ್ಮೆ ಅವರ ಹೆಸರು ಬಂದಿದೆ, ಎಷ್ಟೋ ಸಲ ಬಂದಿಲ್ಲ. ಅವರ ಕೈಯಲ್ಲಿ ತಯಾರಾದ ಹೀಲಿಯಂ ಇಲ್ಲದೆ ನಮ್ಮ ಒಂದು ಗ್ರಾಫ್ ಕೂಡ ಇಲ್ಲ.

ಎಲ್ಲರೂ ಸುಖವಾಗಿ ಹೊರಗೆ ಹೋದರು ಅಂತ ನಾನು ಹೇಳುತ್ತಿಲ್ಲ. ಉಳಿಯಬೇಕು ಅಂತ ಆಸೆ ಇದ್ದು ಉಳಿಯಲಾಗದವರು ತುಂಬಾ ಜನ. ಒಂದರ ಮೇಲೊಂದು ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ), ಎರಡೆರಡು ವರ್ಷಕ್ಕೆ ದೇಶ ಬದಲು, ಗಂಡ ಒಂದು ಊರಿನಲ್ಲಿ ಹೆಂಡತಿ ಒಂದು ಊರಿನಲ್ಲಿ, ಮಗು ಅಜ್ಜಿಯ ಹತ್ತಿರ. ಕೊನೆಗೆ ನಲವತ್ತರ ಹತ್ತಿರ ಬಂದಾಗ ಇನ್ನು ಆಗುವುದಿಲ್ಲ ಅನ್ನುವ ಉತ್ತರ. ಒಬ್ಬರು ಫೋನಿನಲ್ಲಿ ಅತ್ತರು. ಅವರಿಗೆ ಈಗ ಒಳ್ಳೆಯ ಕೆಲಸ ಇದೆ, ಒಳ್ಳೆಯ ಸಂಬಳ ಇದೆ. ಆದರೂ ಅವರು ಕಳೆದುಕೊಂಡದ್ದು ನಿಜ. ಆ ನೋವನ್ನು "ನಿಮ್ಮ ಕೌಶಲ ಎಲ್ಲ ಕಡೆ ಉಪಯೋಗಕ್ಕೆ ಬರುತ್ತೆ" ಅಂತ ಹೇಳಿ ಮುಚ್ಚಿಹಾಕುವುದು ಸರಿಯಲ್ಲ. ಹೆಣ್ಣುಮಕ್ಕಳ ಕಥೆಗಳಲ್ಲಿ ಇದು ಹೆಚ್ಚು ಸಲ ಬಂತು. ಯಾರು ಯಾಕೆ ಹೋದರು ಅನ್ನುವುದನ್ನು ಗುಂಪುಗಳು ಕೇಳಿ ತಿಳಿದುಕೊಳ್ಳಬೇಕು. ನಮ್ಮ ಗುಂಪಿನಲ್ಲಿ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಸಂಚಿಕೆಯ ಸಮಿತಿಯ ಮುಂದೆ ನಾನು ಹೊಸ ಪಟ್ಟಿ ಇಟ್ಟೆ. ಹುದ್ದೆಯ ಪ್ರಕಾರ ಅಲ್ಲ, ಸೇರಿದ ವರ್ಷದ ಪ್ರಕಾರ. ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು, ತಂತ್ರಜ್ಞರು, ವರ್ಕ್‌ಶಾಪಿನವರು, ಮಧ್ಯದಲ್ಲೇ ಹೋದವರು, ಎಲ್ಲರೂ ಒಂದೇ ಸಾಲಿನಲ್ಲಿ. ಪ್ರತಿಯೊಬ್ಬರ ಮುಂದೆ ಎರಡು ವಾಕ್ಯ: ಲ್ಯಾಬಿನಲ್ಲಿ ಏನು ಮಾಡಿದರು, ಈಗ ಏನು ಮಾಡುತ್ತಿದ್ದಾರೆ. ಒಬ್ಬ ಹಿರಿಯರು ಒಪ್ಪಲಿಲ್ಲ. "ಹಣ ಕೊಡುವವರು ಇದನ್ನು ನೋಡ್ತಾರೆ. ಪ್ರೊಫೆಸರ್‌ಗಳು ಮೇಲಿದ್ರೆ ಗುಂಪಿಗೆ ಒಳ್ಳೇದು" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಅನುದಾನದ ಅರ್ಜಿಗಳಲ್ಲಿ ಅದೇ ಲೆಕ್ಕ ನಡೆಯುತ್ತದೆ. ಆದರೆ ಇದು ಅರ್ಜಿ ಅಲ್ಲ ಸರ್, ನಮ್ಮ ಹಬ್ಬ ಅಂತ ಹೇಳಿದೆ. ಚರ್ಚೆ ಬಹಳ ಹೊತ್ತು ನಡೆಯಿತು. ಕೊನೆಗೆ ನಮ್ಮ ಗೈಡ್, ಈಗ ವಯಸ್ಸಾಗಿದೆ, ಪಟ್ಟಿ ಕೈಗೆ ತೆಗೆದುಕೊಂಡು ಮೊದಲ ಪುಟದಿಂದ ಓದಲು ಶುರು ಮಾಡಿದರು. ಪ್ಲಾಂಟಿನವರ ಹೆಸರು ಬಂದಾಗ ತಲೆ ಎತ್ತಿ, "ಇವರದ್ದು ಎರಡು ವಾಕ್ಯ ಸಾಲದು" ಅಂದರು. ಪಟ್ಟಿ ಹಾಗೇ ಉಳಿಯಿತು. ಪ್ಲಾಂಟಿನವರಿಗೆ ಒಂದು ಪುಟ ಸಿಕ್ಕಿತು.

ಇನ್ನೊಂದು ಕೆಲಸವೂ ಆಯಿತು. ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಲು ಸಿದ್ಧ ಇರುವವರ ಹೆಸರುಗಳನ್ನು ಬೇರೆ ಮಾಡಿ ಇಟ್ಟೆವು. ತಿಂಗಳಿಗೊಮ್ಮೆ ಗ್ರೂಪ್ ಮೀಟಿಂಗ್ ಆದ ಮೇಲೆ ಒಬ್ಬರು ಆನ್‌ಲೈನ್‌ನಲ್ಲಿ ಬರುತ್ತಾರೆ. ಮೊದಲು ಬಂದವರು ಬ್ಯಾಂಕಿನವರು. ಮೂರನೇ ವರ್ಷದ ಹುಡುಗಿಯೊಬ್ಬಳು ನೇರವಾಗಿ ಕೇಳಿದಳು: "ಸರ್, ಬಿಟ್ಟಿದ್ದಕ್ಕೆ ಬೇಜಾರಿದೆಯಾ?" ಅವರು ಯೋಚಿಸಿ ಉತ್ತರ ಕೊಟ್ಟರು. ಮೊದಲ ಎರಡು ವರ್ಷ ಇತ್ತು, ಪ್ರತಿ ಹೊಸ ಪೇಪರ್ ನೋಡಿದಾಗಲೂ ಇತ್ತು, ಆಮೇಲೆ ಕೆಲಸದಲ್ಲೇ ಬಿಡಿಸಲಾಗದ ಲೆಕ್ಕ ಒಂದು ಸಿಕ್ಕಿತು, ಅದರ ಬೆನ್ನು ಹತ್ತಿದೆ ಅಂದರು. ಯಾವ ಲೆಕ್ಕ ಅಂತ ಅವಳು ಕೇಳಿದಳು. ಅವರು ಸ್ಕ್ರೀನ್ ಶೇರ್ ಮಾಡಿದರು. ಎಲ್ಲರೂ ಸಾಲ ವಾಪಸ್ ಕಟ್ಟುತ್ತಿರುತ್ತಾರೆ, ಒಬ್ಬರು ನಿಲ್ಲಿಸಿದರೆ ಪಕ್ಕದವರ ಮೇಲೆ ಭಾರ ಬೀಳುತ್ತದೆ, ಯಾವ ಹಂತದಲ್ಲಿ ಎಲ್ಲರೂ ಒಟ್ಟಿಗೆ ಬೀಳುತ್ತಾರೆ ಅನ್ನುವ ಲೆಕ್ಕ. ಅವಳು ಎರಡನೇ ಸ್ಲೈಡಿನಲ್ಲೇ ತಡೆದು, "ಇದು ಈಸಿಂಗ್ ಮಾಡೆಲ್ ಅಲ್ವಾ ಸರ್?" ಅಂದಳು. ಹೌದು, ಹೆಚ್ಚುಕಮ್ಮಿ ಅದೇ ಅಂದರು. ಮುಂದಿನ ಒಂದು ಗಂಟೆ ಇಬ್ಬರೂ ಉಳಿದವರನ್ನೆಲ್ಲ ಮರೆತು, ಸಂಬಂಧಗಳ ಜಾಲ ಚೌಕುಳಿಯಂತೆ ಇಲ್ಲದಿದ್ದಾಗ ಆ ಹಂತ ಎಲ್ಲಿಗೆ ಸರಿಯುತ್ತದೆ ಅಂತ ವಾದ ಮಾಡಿದರು. ಮುಂದಿನ ತಿಂಗಳು ಬರುವವರು ಪ್ರೋಗ್ರಾಂ ಬರೆದ ಸೀನಿಯರ್. ಅವರು ಆಗಲೇ ಹೇಳಿದ್ದಾರೆ, ಲ್ಯಾಬಿನ ಈಗಿನ ಪ್ರೋಗ್ರಾಂ ಮುಂಚಿತವಾಗಿ ಕಳಿಸಿಕೊಡಬೇಕಂತೆ. ಓದಿಕೊಂಡೇ ಬರುತ್ತಾರಂತೆ.